ನೂರೆಂಟರ ಗಾಡಿಗೆ ಮೊಮ್ಮಗಳ ಅರ್ಜಿ

ಹೋದ ವರ್ಷ ಕಬ್ಬು ಕಡಿಯುವ ಹಂಗಾಮು ಮುಗಿಯುತ್ತ ಬಂದಿತ್ತು. ಒಂದು ಸಂಜೆ ಮೊಮ್ಮಗಳು ಕಾಗದಗಳ ಕಟ್ಟು ಹಿಡಿದು ನನ್ನ ಹೊರಸಿನ ಹತ್ತಿರ ಬಂದಳು. "ಅಜ್ಜಾ, ಇದರಾಗ ತಪ್ಪೇನರ ಅದಾವೇನು ನೋಡು" ಎಂದಳು. ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನಿಗೆ ಇದಕ್ಕಿಂತ ಸಿಹಿಯಾದ ಮಾತು ಬೇರೆ ಇಲ್ಲ. ಕನ್ನಡಕ ಏರಿಸಿ ಕೆಂಪು ಪೆನ್ನು ಹುಡುಕಿಕೊಂಡೆ.

ಮೊದಲ ಸಾಲು ಓದಿ ಪೆನ್ನು ಕೆಳಗಿಟ್ಟೆ. ಅದು ತುರ್ತು ವೈದ್ಯಕೀಯ ತಂತ್ರಜ್ಞರ ತರಬೇತಿಗೆ ಹಾಕುವ ಅರ್ಜಿ. ಎಲ್ಲರೂ ಅದನ್ನು ಇ.ಎಂ.ಟಿ. ಎಂದು ಕರೆಯುತ್ತಾರಂತೆ.

ಮಕ್ಕಳೇ, 108ರ ಗಾಡಿ ನೀವು ನೋಡಿಯೇ ಇರುತ್ತೀರಿ. ನಮ್ಮ ರಾಜ್ಯದಲ್ಲಿ ಅದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಶುರುವಾಯಿತು. ಗಾಡಿಯಲ್ಲಿ ಇಬ್ಬರಿರುತ್ತಾರೆ. ಒಬ್ಬರು ಓಡಿಸುವವರು, ಅವರಿಗೆ ಪೈಲಟ್ ಎಂದು ಹೆಸರು. ಇನ್ನೊಬ್ಬರು ಹಿಂದೆ ರೋಗಿಯ ಪಕ್ಕದಲ್ಲಿ ಕೂರುವ ಇ.ಎಂ.ಟಿ. ಅವರು ಡಾಕ್ಟರಲ್ಲ. ಆದರೆ ಆಸ್ಪತ್ರೆಯ ಬಾಗಿಲು ಬರುವವರೆಗೆ ರಕ್ತ ಸೋರುವುದನ್ನು ನಿಲ್ಲಿಸುವುದು, ಆಮ್ಲಜನಕ ಕೊಡುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ಫೋನಿನಲ್ಲಿ ಡಾಕ್ಟರ ಸಲಹೆ ಕೇಳಿ ಅದರಂತೆ ನಡೆಯುವುದು ಎಲ್ಲ ಅವರದೇ. ದಾರಿಯಲ್ಲಿ ಹೆರಿಗೆಯಾದರೆ ಕೂಸನ್ನು ಮೊದಲು ಕೈಗೆತ್ತಿಕೊಳ್ಳುವವರೂ ಅವರೇ.

ಮನೆಯಲ್ಲಿ ಗದ್ದಲ ಆಯಿತು ಎಂದು ಬೇರೆ ಹೇಳಬೇಕಿಲ್ಲ. ಅವಳದು ಬಿ.ಎಸ್ಸಿ. ಮುಗಿದಿತ್ತು. ಬಿ.ಎಡ್. ಮಾಡಿ ಟೀಚರ್ ಆಗಲಿ ಎಂದು ನನ್ನ ಆಸೆ. ಅವಳಪ್ಪನಿಗೆ ರಾತ್ರಿ ಪಾಳಿಯ ಚಿಂತೆ. "ಅಪಘಾತ ಅಂದ್ರ ಪೊಲೀಸ್ ಕೇಸು, ಕೋರ್ಟು. ನಮಗ್ಯಾಕ ಆ ಉಸಾಬರಿ?" ಎಂದ. ಅವಳು ಶಾಂತವಾಗಿಯೇ ಹೇಳಿದಳು: ರಸ್ತೆಯಲ್ಲಿ ಬಿದ್ದವರಿಗೆ ನೆರವಾದ ದಾರಿಹೋಕನನ್ನೂ ಈಗ ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ; 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಮಾಡಿದ ತಿದ್ದುಪಡಿಯ ಅಡಿಯಲ್ಲಿ ಆ ರಕ್ಷಣೆ ಇದೆ. ಅಪ್ಪ ಒಪ್ಪಲಿಲ್ಲ. ಕೊನೆಗೆ ಗೆದ್ದದ್ದು ಕಾಯ್ದೆಯಲ್ಲ, ಅವಳ ಅಜ್ಜಿ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಮಗನಿಗೆ ಹೇಳಿದಳು: "ನೀ ಹುಟ್ಟಿದ್ದ ಚಕ್ಕಡ್ಯಾಗ, ಮುಧೋಳದ ಹಾದ್ಯಾಗ, ನಟ್ಟ ನಡುರಾತ್ರಿ. ಆವತ್ತ ಇಂಥಾ ಒಂದ ಹುಡುಗಿ ಬಾಜೂಕ ಇದ್ದಿದ್ರ ನಾ ಅಷ್ಟ ಅಂಜತಿದ್ದಿಲ್ಲ." ಆಮೇಲೆ ಯಾರೂ ಮಾತಾಡಲಿಲ್ಲ.

ಅರ್ಜಿ ತುಂಬುವುದೇ ಒಂದು ಪರೀಕ್ಷೆ. ಕೆಲವು ಕಡೆ ಪಿಯುಸಿ ಆದವರನ್ನು ಸೇರಿಸಿಕೊಳ್ಳುತ್ತಾರೆ, ಕೆಲವು ಕಡೆ ವಿಜ್ಞಾನದ ಪದವಿ ಇಲ್ಲವೇ ನರ್ಸಿಂಗ್ ಕೇಳುತ್ತಾರೆ. ಹಾಗಾಗಿ ಪ್ರಕಟಣೆಯನ್ನು ಎರಡು ಸಲ ಓದಬೇಕು. ನಮಗೆ ಕಾಡಿದ್ದು ಅದಲ್ಲ, ಹೆಸರು. ಅಂಕಪಟ್ಟಿಯಲ್ಲಿ ಊರು ಬರೀ 'ಬೆಳಗಲಿ', ಆಧಾರದಲ್ಲಿ 'ರನ್ನ ಬೆಳಗಲಿ'. ಅವಳ ಹೆಸರಿಗೆ ಒಂದರಲ್ಲಿ ಒಂದು 'ಎ', ಇನ್ನೊಂದರಲ್ಲಿ ಎರಡು. ಒಂದು ಅಕ್ಷರಕ್ಕಾಗಿ ಮೂರು ಸಲ ಮುಧೋಳಕ್ಕೆ ಅಲೆದೆವು. ಅದರಲ್ಲಿ ಒಂದು ಸಲ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕು, ಕಚೇರಿ ಮುಚ್ಚಿದ ಮೇಲೆ ಮುಟ್ಟಿದೆವು. ಮಕ್ಕಳ ಹೆಸರನ್ನು ಶಾಲೆಗೆ ಸೇರಿಸುವ ದಿನವೇ ಸರಿಯಾಗಿ ಬರೆಸಿರಿ ಎಂದು ಅಜ್ಜಂದಿರಿಗೆ ನನ್ನ ವಿನಂತಿ. ಮಾಸ್ತರನಾಗಿ ನಾನೇ ಎಷ್ಟು ಹೆಸರು ಕೆಡಿಸಿದ್ದೇನೋ!

ಅರ್ಜಿಯ ಕೊನೆಗೆ ಒಂದು ಪುಟ ಖಾಲಿ ಇತ್ತು. 'ಈ ಕೆಲಸ ನಿಮಗೆ ಏಕೆ ಬೇಕು?' ಎಂದು ಕನ್ನಡದಲ್ಲಿಯೇ ಬರೆಯಬಹುದಿತ್ತು. ಅವಳು ನನಗೆ ತಿದ್ದಲು ಕೊಟ್ಟದ್ದು ಆ ಪುಟವನ್ನು.

ಅದರಲ್ಲಿ ನನ್ನ ತಮ್ಮನ ಕಥೆ ಇತ್ತು.

1991ರ ಮಳೆಗಾಲ. ತಮ್ಮ ಕಬ್ಬಿಗೆ ನೀರು ಬಿಡಲು ರಾತ್ರಿ ಹೊಲಕ್ಕೆ ಹೋಗಿದ್ದ. ಕೊಳಕಮಂಡಲ ಕಾಲಿಗೆ ಕಚ್ಚಿತು. ಸುದ್ದಿ ಕೇಳಿ ಓಡಿದವನು ನಾನೇ. ಎತ್ತಿನ ಹಗ್ಗ ತಂದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದವನೂ ನಾನೇ. ವಿಷ ಮೇಲೇರದಿರಲಿ ಎಂಬ ಯೋಚನೆ. ಅಲ್ಲಿಂದ ನೆಟ್ಟಗೆ ದವಾಖಾನೆಗೆ ಹೋಗಲಿಲ್ಲ, ಮಂತ್ರ ಹಾಕುವವರ ಮನೆಗೆ ಹೋದೆವು. ತಮ್ಮ ಉಳಿದ. ಪಾದ ಉಳಿಯಲಿಲ್ಲ. ಅವನು ಸಾಯುವವರೆಗೂ ಬಡಿಗೆ ಊರಿ ನಡೆದ. ಒಂದು ದಿನವೂ ನನ್ನನ್ನು ಅನ್ನಲಿಲ್ಲ.

ಮೊಮ್ಮಗಳು ಇದನ್ನು ಬಹಳ ಮೃದುವಾಗಿ ಬರೆದಿದ್ದಳು. 'ಮನೆಯವರಿಗೆ ತಿಳಿಯದೆ ಹಗ್ಗ ಕಟ್ಟಿದರು, ಆಸ್ಪತ್ರೆ ಸೇರಲು ಒಂದು ತಾಸು ತಡವಾಯಿತು' ಎಂದಿತ್ತು. ಕಾಗುಣಿತ ಎಲ್ಲ ಸರಿಯಾಗಿತ್ತು. ನಾನು ಎರಡೇ ಕಡೆ ಕೆಂಪು ಪೆನ್ನು ಆಡಿಸಿದೆ. 'ಮನೆಯವರಿಗೆ' ಎಂಬುದನ್ನು ಹೊಡೆದು 'ನಮ್ಮ ಅಜ್ಜನಿಗೆ' ಎಂದು ಮಾಡಿದೆ. 'ಒಂದು' ಎಂಬುದನ್ನು ಹೊಡೆದು 'ನಾಲ್ಕು' ಎಂದು ಬರೆದೆ.

ಅವಳು ಓದಿ ನನ್ನ ಮುಖ ನೋಡಿದಳು. "ಇದ್ದದ್ದ ಬರಿ" ಎಂದೆ.

ಆ ರಾತ್ರಿ ಅವಳು ನನಗೆ ಪಾಠ ಹೇಳಿದಳು. ಹಾವು ಕಚ್ಚಿದರೆ ಹಗ್ಗ ಬಿಗಿಯಬಾರದು. ಕೊಳಕಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ರಕ್ತ ಓಡದಂತೆ ಕಟ್ಟಿದರೆ ಕೇಡು ಇನ್ನೂ ಹೆಚ್ಚು. ಕೊಯ್ಯಬಾರದು, ಬಾಯಿಂದ ಹೀರಬಾರದು, ಹಾವನ್ನು ಹಿಡಿಯಲು ಬೆನ್ನು ಹತ್ತಬಾರದು. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಕೈಯನ್ನೋ ಕಾಲನ್ನೋ ಅಲುಗದಂತೆ ಇಟ್ಟು, ನಡೆಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಕಚ್ಚಿದ ಗಂಟೆ ಎಷ್ಟೆಂದು ನೆನಪಿಡಬೇಕು. ಆ ಮದ್ದನ್ನು ಹೇಗೆ ಮಾಡುತ್ತಾರೆ ಗೊತ್ತೇ? ಕುದುರೆಗೆ ಬಹಳ ಸಣ್ಣ ಪ್ರಮಾಣದಲ್ಲಿ ವಿಷ ಕೊಡುತ್ತ ಹೋಗಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ತೆಗೆಯುತ್ತಾರೆ. ನಾಗರ, ಕಟ್ಟಹಾವು, ಕೊಳಕಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಮದ್ದು.

ಇನ್ನೊಂದು ಮಾತು ಕೇಳಿ ನಗು ಬಂತು. ಕೈಗೆ ಕಚ್ಚಿದರೆ ಉಂಗುರ, ಬಳೆ ಮೊದಲು ತೆಗೆಯಬೇಕಂತೆ. ಬಾವು ಬಂದರೆ ಅವೇ ಬಿಗಿಯುತ್ತವೆ. ರನ್ನಕವಿ ಬಳೆಗಾರರ ಮನೆಯ ಹುಡುಗ. ಅವನ ಹೆಸರಿನ ಊರಿನಲ್ಲಿ ಬಳೆ ತೊಡಿಸುವುದು ಎಲ್ಲರಿಗೂ ಗೊತ್ತು, ತೆಗೆಯುವುದನ್ನು ಈಗ ಕಲಿಯಬೇಕು.

ಸಂದರ್ಶನಕ್ಕೆ ಹದಿನೈದು ದಿನ ಇತ್ತು. ಮನೆಯೇ ದವಾಖಾನೆಯಾಯಿತು. ನನ್ನ ಕಾಲಿಗೆ ಹಳೆಯ ಪತ್ರಿಕೆ ಸುತ್ತಿ ಟವೆಲ್‌ನಿಂದ ಕಟ್ಟುವುದು, ನಾಡಿ ಎಣಿಸುವುದು, ಪ್ರಜ್ಞೆ ತಪ್ಪಿ ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ಹೊರಳಿಸುವುದು. ಎದೆ ಒತ್ತುವುದನ್ನು ಮಾತ್ರ ದಿಂಬಿನ ಮೇಲೆ ಮಾಡಿದಳು. ಹೃದಯ ಬಡಿಯುತ್ತಿರುವ ಮನುಷ್ಯನ ಮೇಲೆ ಅದನ್ನು ಆಟಕ್ಕೂ ಮಾಡಬಾರದು ಮಕ್ಕಳೇ, ಪೆಟ್ಟಾಗುತ್ತದೆ. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. 30 ಸಲ ಒತ್ತಿ ಎರಡು ಸಲ ಉಸಿರು ಕೊಡಬೇಕು. ಎಣಿಸುವ ಕೆಲಸ ನನ್ನದು. ಎರಡು ನಿಮಿಷಕ್ಕೆ ಅವಳ ತೋಳು ನಡುಗುತ್ತಿದ್ದವು.

ತರಬೇತಿಯಲ್ಲಿ ಇದಕ್ಕೆ ಒಂದು ಗೊಂಬೆ ಇರುತ್ತದೆ. ಅದರ ಕಥೆ ಕೇಳಿ. ನಾರ್ವೆ ದೇಶದಲ್ಲಿ ಆಸ್ಮುಂಡ್ ಲೇರ್ಡಾಲ್ ಎಂಬ ಆಟಿಕೆ ಮಾಡುವವನಿದ್ದ. ಅವನ ಎರಡು ವರ್ಷದ ಮಗ ಒಮ್ಮೆ ನೀರಿಗೆ ಬಿದ್ದಾಗ, ಎಳೆದು ತೆಗೆದು ನೀರು ಕಕ್ಕಿಸಿ ಉಳಿಸಿಕೊಂಡಿದ್ದ. ಮುಂದೆ ಡಾಕ್ಟರುಗಳು ಉಸಿರು ಕೊಡುವುದನ್ನು ಜನರಿಗೆ ಕಲಿಸಲು ಗೊಂಬೆ ಬೇಕೆಂದಾಗ, 1960ರಲ್ಲಿ ಆಳೆತ್ತರದ 'ಆನ್' ಎಂಬ ಗೊಂಬೆ ಮಾಡಿಕೊಟ್ಟ.

ಆ ಗೊಂಬೆಯ ಹಿಂದಿದ್ದ ಡಾಕ್ಟರುಗಳಲ್ಲಿ ಒಬ್ಬರು ಪೀಟರ್ ಸಫಾರ್. ಅವರು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿದ್ದರು. 1966ರಲ್ಲಿ ಅವರ ಹನ್ನೊಂದು ವರ್ಷದ ಮಗಳು ಆಸ್ತಮಾದಿಂದ ತೀರಿಕೊಂಡಳು. ಆಗ ಅಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲಿ ಹೊತ್ತೊಯ್ಯುತ್ತಿದ್ದರು. ಹಿಂದೆ ಕೂತು ಆರೈಕೆ ಮಾಡುವವರೇ ಇರುತ್ತಿರಲಿಲ್ಲ. ಮರುವರ್ಷ ಆ ಊರಿನ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಕೇರಿಯ ಕಪ್ಪು ಜನಾಂಗದ ಯುವಕರನ್ನು ಕರೆದು ಸಫಾರ್ ತರಬೇತಿ ಕೊಟ್ಟರು. ಅವರಲ್ಲಿ ಎಷ್ಟೋ ಜನರಿಗೆ ಕೆಲಸವಿರಲಿಲ್ಲ, ಕೆಲವರು ಹೈಸ್ಕೂಲನ್ನೂ ಮುಗಿಸಿರಲಿಲ್ಲ. 'ಫ್ರೀಡಂ ಹೌಸ್' ಎಂಬ ಆ ಆಂಬುಲೆನ್ಸ್ ಸೇವೆ 1975ರವರೆಗೆ ನಡೆಯಿತು. ಇಂದಿನ ಇ.ಎಂ.ಟಿ.ಗಳು ಮಾಡುವ ಎಷ್ಟೋ ಕೆಲಸಗಳನ್ನು ಮಾಡಿ ತೋರಿಸಿದ ಮೊದಲಿಗರು ಅವರು. ನಾನು ಇಂಗ್ಲಿಷಿನಲ್ಲಿ ಮುಗ್ಗರಿಸುವ ಮೊಮ್ಮಗಳಿಗೆ ಈ ಕಥೆಯನ್ನು ಎರಡು ಸಲ ಹೇಳಿದೆ.

ಸಂದರ್ಶನ ಬೆಂಗಳೂರಿನಲ್ಲಿ. ನಾನೂ ಹೋದೆ. ರಾತ್ರಿ ಬಸ್ಸು, ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ರನ್ನ ವಿದ್ಯೆ ಕಲಿಯಲು ಈ ಸೀಮೆಯಿಂದ ಶ್ರವಣಬೆಳಗೊಳದವರೆಗೆ ಹೋಗಿದ್ದನಲ್ಲ, ಅವನಿಗೆ ಬಸ್ಸೂ ಇರಲಿಲ್ಲ ಎಂದು ಹೇಳಿ ಅವಳನ್ನು ನಗಿಸಲು ನೋಡಿದೆ. ನಗಲಿಲ್ಲ, ಪುಸ್ತಕದೊಳಗೆ ಮುಖವಿಟ್ಟಿದ್ದಳು.

ಒಳಗೆ ಅವಳಿಗೆ ಕೇಳಿದ ಒಂದು ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ಅಪಘಾತವಾಗಿದೆ. ಒಬ್ಬ ಜೋರಾಗಿ ಕಿರುಚುತ್ತಿದ್ದಾನೆ, ಇನ್ನೊಬ್ಬ ಸುಮ್ಮನೆ ಬಿದ್ದಿದ್ದಾನೆ. ಮೊದಲು ಯಾರ ಬಳಿ ಹೋಗುತ್ತೀರಿ? ನಾನಾಗಿದ್ದರೆ ಕಿರುಚುವವನ ಕಡೆ ಓಡುತ್ತಿದ್ದೆ. ಅವಳು ಸುಮ್ಮನಿದ್ದವನ ಕಡೆ ಎಂದಳಂತೆ. ಕಿರುಚಲು ಉಸಿರು ಬೇಕು, ಅವನು ಉಸಿರಾಡುತ್ತಿದ್ದಾನೆ, ಸುಮ್ಮನಿರುವವನದೇ ಗೊತ್ತಿಲ್ಲ.

ಆಮೇಲೆ ಕೆಂಪು ತಿದ್ದುಪಡಿಯ ಕರಡು ಅವಳ ಫೈಲಿನಿಂದ ಜಾರಿ ಮೇಜಿನ ಮೇಲೆ ಬಿತ್ತಂತೆ. "ಇದನ್ನು ತಿದ್ದಿದವರು ಯಾರು?" ಎಂದು ಕೇಳಿದರಂತೆ. "ಹಗ್ಗ ಕಟ್ಟಿದವರು. ಹೊರಗ ಕುಂತಾರ" ಎಂದಳಂತೆ. ಅದಕ್ಕೆ ಅವರು ಏನೆಂದರು ಎಂದು ನಾನು ಕೇಳಲಿಲ್ಲ.

ಆಯ್ಕೆಯಾದ ಸಂದೇಶ ಎಂಟು ದಿನಕ್ಕೆ ಬಂತು. ಅಪ್ಪನೇ ಟ್ರಂಕು ಹೊತ್ತು ಬಸ್ಸಿಗೆ ಏರಿಸಿದ.

ಈಗ ಅವಳು ಭಾನುವಾರ ಫೋನು ಮಾಡುತ್ತಾಳೆ. ಮೊನ್ನೆ ನನಗೊಂದು ಕೆಲಸ ಹೇಳಿದಳು. 108ಕ್ಕೆ ಕರೆ ಮಾಡುವವರು ಗಾಬರಿಯಲ್ಲಿ ರೋಗ ಹೇಳುತ್ತಾರೆ, ಜಾಗ ಹೇಳುವುದಿಲ್ಲ. ಮೊದಲು ಊರು, ಹತ್ತಿರದ ಗುರುತು ಹೇಳಬೇಕು. ಅವರು ಇಡಿ ಎನ್ನುವವರೆಗೆ ಫೋನು ಇಡಬಾರದು. ಪೇಟೆಯಲ್ಲಿ ಗುರುತಿಗೆ ಬ್ಯಾಂಕು, ಗುಡಿ ಇರುತ್ತವೆ. ಆಳೆತ್ತರದ ಕಬ್ಬಿನ ನಡುವೆ ಬಿದ್ದವನು ಏನು ಹೇಳಬೇಕು? "ಅಜ್ಜಾ, ನಮ್ಮೂರ ಹೊಲಗೋಳ ಹೆಸರು, ಗಾಡಿ ಎಲ್ಲಿತನಕ ಹೋಗತೈತಿ, ಎಲ್ಲಾ ಬರದಿಡು" ಎಂದಳು.

ಹಳೆಯ ಹಾಜರಿ ಪುಸ್ತಕ ಒಂದು ಉಳಿದಿತ್ತು. ದಿನಾ ಮುಂಜಾನೆ ಕೊಡೆ ಊರಿಕೊಂಡು ಹೊರಡುತ್ತೇನೆ. ಬೇವಿನ ಗಿಡದ ಹೊಲ, ಗಾಡಿ ಬಾಂದಿನವರೆಗೆ. ಹಳೇ ಬಾವಿಯ ಹೊಲ, ಮಳೆಗಾಲದಲ್ಲಿ ಗಾಡಿ ಬಾರದು, ಹೊತ್ತು ತರಬೇಕು. ತಮ್ಮನಿಗೆ ಕಚ್ಚಿದ ಹೊಲವನ್ನು ಮೊದಲ ದಿನವೇ ಬರೆದೆ. ಈಗ ಅದರ ಬದಿಗೆ ಒಳ್ಳೆಯ ರಸ್ತೆ ಇದೆ. ಇವತ್ತಿಗೆ ಅರವತ್ತೆರಡು ಹೊಲ ಆದವು. ಕಾಲುವೆಯ ಆಚೆಯವು ಬಾಕಿ.