ಧ್ವನಿಸುರುಳಿಗೆ ಬಂದ ಮಲ್ಲಿಗೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಬೆನ್ನಿಗೆ ಬಿಟ್ಟು ಪಾಂಡವಪುರದ ಕಡೆಗೆ ತಿರುಗಿ, ಕಬ್ಬಿನ ಗದ್ದೆಗಳ ನಡುವೆ ಕೃಷ್ಣರಾಜಪೇಟೆಯನ್ನು ದಾಟಿದರೆ ಕಿಕ್ಕೇರಿ ಸಿಗುತ್ತದೆ. 1171ರಲ್ಲಿ ಕಟ್ಟಿದ ಹೊಯ್ಸಳರ ಬ್ರಹ್ಮೇಶ್ವರ ದೇವಾಲಯ ಇರುವ ಊರು. ಇನ್ನೂ ಮುಂದೆ ಹೋಗಿ ಜಿಲ್ಲೆಯ ಗಡಿ ದಾಟಿದರೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ. ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಕಿಕ್ಕೇರಿಯಲ್ಲಿ, 1915ರ ಜನವರಿ 26ರಂದು. ಸಂಗೀತ ನಿರ್ದೇಶಕ ಸಿ. ಅಶ್ವಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ನೆರೆಹೊರೆಯ ಊರುಗಳ ಈ ಇಬ್ಬರು ಸೇರಿ ಕನ್ನಡಿಗರ ಮನೆಮನೆಗೆ ತಲುಪಿಸಿದ ಹಾಡುಗಳ ಗುಚ್ಛವೇ ‘ಮೈಸೂರ ಮಲ್ಲಿಗೆ’.

ಪುಸ್ತಕ ಹೊರಬಂದದ್ದು 1942ರಲ್ಲಿ. ಆಗ ಕವಿಗೆ ಇಪ್ಪತ್ತೇಳು ವರ್ಷ. ಮಾವನ ಮನೆಗೆ ಬರುವ ಅಳಿಯ, ಶಾನುಭೋಗರ ಮಗಳು, ತವರಿಗೆ ಹೋದ ಹೆಂಡತಿಯ ಸುದ್ದಿ ತರುವ ಬಳೆಗಾರ ಇವರೆಲ್ಲ ಅದರಲ್ಲಿ ಓಡಾಡುತ್ತಾರೆ. ಮಂಡ್ಯ, ಮೈಸೂರು ಸೀಮೆಯ ಹಳ್ಳಿಯ ಮನೆಗಳಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಕೇಳಿಬರುವಂಥ ಮಾತು. ಮದುವೆಗೆ ಉಡುಗೊರೆಯಾಗಿ ಕೊಡುವ ಪುಸ್ತಕವೆಂದು ಹೆಸರಾಗಿ, ಅದು ಹತ್ತಾರು ಮುದ್ರಣಗಳನ್ನು ಕಂಡಿತು.

ಹಾಗೆ ನೋಡಿದರೆ ಕನ್ನಡದ ಭಾವಗೀತೆಗೂ ಈ ಸೀಮೆಗೂ ನಂಟು ಹಳೆಯದು. ‘ಇಂಗ್ಲಿಷ್ ಗೀತಗಳು’ ಮೂಲಕ ಹೊಸಗನ್ನಡ ಕವಿತೆಗೆ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಸೂಚಿಸುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಅವರಂತೂ ಕವಿತೆ ಬರೆದು ಸುಮ್ಮನಾದವರಲ್ಲ. ‘ಗೋಕುಲ ನಿರ್ಗಮನ’ದಂಥ ಗೇಯನಾಟಕಗಳನ್ನೇ ಬರೆದರು. ಕವಿತೆಯೆಂದರೆ ಕಣ್ಣಿಗಷ್ಟೇ ಅಲ್ಲ, ಕಿವಿಗೂ ಎಂಬುದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ.

ಆದರೆ ಕಿವಿಗೆ ತಲುಪಿಸುವ ಸಾಧನ ಯಾವುದು? ಮೊದಲಿಗೆ ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡಷ್ಟೇ ಹಿಡಿಸುತ್ತಿತ್ತು. ಕವಿತೆ ಎಷ್ಟೇ ಉದ್ದವಿರಲಿ, ತಟ್ಟೆಯ ಅಳತೆಗೆ ಕತ್ತರಿಸಬೇಕು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆಗೂಡಿ ಕನ್ನಡ ಕವಿತೆಗಳನ್ನು ಜನರ ನಾಲಿಗೆಗೆ ತಂದದ್ದು ಆ ಕಾಲದಲ್ಲಿ. ಜೊತೆಗೆ ರೇಡಿಯೋ ಇತ್ತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತೆರೆದ ಬಾನುಲಿ ಕೇಂದ್ರ ಇಡೀ ದೇಶದ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರನ್ನೇ ಕೊಟ್ಟಿತಲ್ಲ! ಆದರೆ ರೇಡಿಯೋ ಹಾಡು ಕೇಳುವವನ ಇಷ್ಟದಂತೆ ನಡೆಯುವುದಿಲ್ಲ. ತಪ್ಪಿದರೆ ತಪ್ಪಿತು.

ಈ ಸ್ಥಿತಿಯನ್ನು ಬದಲಿಸಿದ್ದು ಅಂಗೈಯಗಲದ ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಪ್ಲಾಸ್ಟಿಕ್ ಡಬ್ಬಿ ನಮ್ಮ ಹಳ್ಳಿಗಳಿಗೆ ನಿಜವಾಗಿ ಬಂದದ್ದು ಎಂಬತ್ತರ ದಶಕದಲ್ಲಿ, ಟೇಪ್ ರೆಕಾರ್ಡರುಗಳು ಮಧ್ಯಮ ವರ್ಗದ ಕೈಗೆಟುಕಿದಾಗ. ಒಂದೊಂದು ಮಗ್ಗುಲಿಗೆ ಮೂವತ್ತು ನಿಮಿಷ. ಒಬ್ಬನೇ ಕವಿಯ ಎಂಟು ಹತ್ತು ಹಾಡುಗಳನ್ನು ಒಟ್ಟಿಗೆ ಕೂರಿಸಬಹುದು. ಬೇಡವಾದರೆ ನಿಲ್ಲಿಸಿ, ಬೇಕಾದರೆ ಹಿಂದಕ್ಕೆ ಸುತ್ತಿ ಮತ್ತೆ ಕೇಳಬಹುದು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಈ ದಾರಿಯನ್ನು ತೋರಿಸಿಕೊಟ್ಟಿತು. ಭಾವಗೀತೆಗೆ ದುಡ್ಡು ಕೊಟ್ಟು ಕೊಳ್ಳುವವರು ಇದ್ದಾರೆ ಎಂಬುದು ವ್ಯಾಪಾರಸ್ಥರಿಗೆ ಗೊತ್ತಾದದ್ದೂ ಆಗಲೇ.

ಅಶ್ವಥ್ ವೃತ್ತಿಯಿಂದ ಸಂಗೀತಗಾರರಲ್ಲ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದವರು. ಬಿಡುವಿನ ವೇಳೆಯಲ್ಲಿ ನಾಟಕಗಳಿಗೆ ಸಂಗೀತ, 1977ರಲ್ಲಿ ಸಿ.ಆರ್. ಸಿಂಹ ನಿರ್ದೇಶನದ ‘ಕಾಕನಕೋಟೆ’ಯಿಂದ ಸಿನಿಮಾ ಸಂಗೀತ, ಅನಂತರ ಎಲ್. ವೈದ್ಯನಾಥನ್ ಜೊತೆಗೂಡಿ ‘ಅಶ್ವಥ್–ವೈದಿ’ ಎಂಬ ಜೋಡಿ. ಗಣಿತದ ಮಾರ್ಕು ಕಡಿಮೆಯಾದೀತೆಂದು ಮಗಳ ಹಾರ್ಮೋನಿಯಂ ಪಾಠ ಬಿಡಿಸುವ ತಂದೆ ತಾಯಿ ಈ 27 ವರ್ಷದ ಲೆಕ್ಕವನ್ನು ಒಮ್ಮೆ ಗಮನಿಸಬಹುದು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರದ ಹೊತ್ತಿಗೆ ಅಶ್ವಥ್ ಅವರ ಏರುಕಂಠ ಇಡೀ ನಾಡಿಗೆ ಪರಿಚಿತವಾಗಿತ್ತು.

ಅದೇ ನಾಗಾಭರಣ ಮತ್ತು ಅಶ್ವಥ್ ಮುಂದೆ ಕೈಹಾಕಿದ್ದು ‘ಮೈಸೂರ ಮಲ್ಲಿಗೆ’ಗೆ. ಕಾಲವನ್ನು ನೋಡಿ. 1991ರಲ್ಲಿ ದೇಶದ ಆರ್ಥಿಕ ನೀತಿಯೇ ಮಗುಚಿಕೊಂಡಿತು. ಮನೆಗಳ ಮೇಲೆ ಉಪಗ್ರಹ ಟಿ.ವಿ.ಯ ತಂತಿಗಳು ಏರತೊಡಗಿದವು. ಕ್ಯಾಸೆಟ್ಟಿನ ಬೆನ್ನ ಹಿಂದೆಯೇ ಕಾಂಪ್ಯಾಕ್ಟ್ ಡಿಸ್ಕ್ ಬಂದು ನಿಂತಿತ್ತು. ಕನ್ನಡದ ಹಾಡಿಗೆ ಮದರಾಸಿನ ಸ್ಟುಡಿಯೋ ಬಾಗಿಲು ಕಾಯಬೇಕಾದ ಕಾಲ ಮುಗಿಯುತ್ತಿತ್ತು. ಬೆಂಗಳೂರಿನಲ್ಲೇ ‘ಸಂಕೇತ್’ ಸ್ಟುಡಿಯೋ ಕಟ್ಟಿದ ಶಂಕರನಾಗ್ 1990ರಲ್ಲಿ ತೀರಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ಐವತ್ತು ವರ್ಷ ಹಳೆಯ ಕವನ ಸಂಕಲನವನ್ನು ಸಿನಿಮಾ ಮಾಡುವುದೆಂದರೆ ಸಾಹಸವೇ ಸರಿ. ಕವಿಗೆ ಎಪ್ಪತ್ತೇಳರ ವಯಸ್ಸು; 1990ರ ಮೈಸೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿ ಮುಗಿಸಿದ್ದರು. ಸಂಗೀತ ನಿರ್ದೇಶಕರೋ, ಅದೇ 1992ರಲ್ಲಿ ಕಾರ್ಖಾನೆಯ ಕೆಲಸಕ್ಕೆ ವಿದಾಯ ಹೇಳುವವರಿದ್ದರು.

ಸಂಕಲನದಲ್ಲಿ ಕಥೆಯಿಲ್ಲ. ಸ್ವಾತಂತ್ರ್ಯ ಹೋರಾಟದ ಕಾಲದ ಹಳ್ಳಿಯೊಂದರ ಕಥೆಯನ್ನು ಚಿತ್ರಕ್ಕಾಗಿ ಹೆಣೆಯಲಾಯಿತು. ಸಾಮಾನ್ಯವಾಗಿ ಸಿನಿಮಾದಲ್ಲಿ ರಾಗ ಮೊದಲು ಸಿದ್ಧವಾಗಿ, ಅದರ ಅಳತೆಗೆ ಮಾತು ಹೊಲಿಯುತ್ತಾರೆ. ಇಲ್ಲಿ ಅದು ತಲೆಕೆಳಗು. ಮಾತು ಅರ್ಧ ಶತಮಾನ ಮೊದಲೇ ಅಚ್ಚಾಗಿತ್ತು, ಸಾವಿರಾರು ಜನರಿಗೆ ಬಾಯಿಪಾಠವೂ ಆಗಿತ್ತು. ಒಂದು ಪದ ನುಂಗಿದರೆ ಹಿಡಿದು ಕೇಳುವವರಿದ್ದರು. ಅಶ್ವಥ್ ಮಾತಿನ ನಡಿಗೆಯನ್ನೇ ತಾಳಕ್ಕೆ ಆಧಾರ ಮಾಡಿಕೊಂಡರು. ಪದ ಸ್ಪಷ್ಟ, ವಾದ್ಯ ಅದರ ಹಿಂದೆ. ಹಾಡು ಮೊದಲ ಸಲ ಕೇಳಿದಾಗಲೇ ಅರ್ಥವಾಗುವುದಕ್ಕೆ ಇದೇ ಕಾರಣ. 39ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ‘ಮೈಸೂರ ಮಲ್ಲಿಗೆ’ಗೆ ಸಂದಿತು, ಅತ್ಯುತ್ತಮ ಗೀತರಚನೆಯ ಪ್ರಶಸ್ತಿ ನರಸಿಂಹಸ್ವಾಮಿಯವರಿಗೆ. ಸಿನಿಮಾಕ್ಕೆಂದು ಬರೆಯದ ಕವಿತೆಗಳ ಕವಿಗೆ ಸಿನಿಮಾ ಗೀತೆಯ ಪ್ರಶಸ್ತಿ!

ಸ್ಟುಡಿಯೋ ಒಂದು ಕೊಟ್ಟು ಒಂದು ಕಸಿಯುತ್ತದೆ. ಇಂಗ್ಲೆಂಡಿನ ಬೀಟಲ್ಸ್ ತಂಡ 1966ರಲ್ಲಿ ಊರೂರು ಸುತ್ತಿ ಹಾಡುವುದನ್ನು ಬಿಟ್ಟು ಸ್ಟುಡಿಯೋ ಒಳಹೊಕ್ಕಿತು. ನಾಲ್ಕು ಟ್ರ್ಯಾಕ್‌ಗಳ ಯಂತ್ರದ ಮೇಲೆ ದನಿಯ ಮೇಲೆ ದನಿ ಪೇರಿಸಿ 1967ರಲ್ಲಿ ‘ಸಾರ್ಜೆಂಟ್ ಪೆಪರ್ಸ್’ ಎಂಬ ಆಲ್ಬಮ್ ತಂದಿತು. ವೇದಿಕೆಯ ಮೇಲೆ ಸಾಧ್ಯವಾಗದ ನಾದ ಅದರಲ್ಲಿ ಸಾಧ್ಯವಾಯಿತು. ಆದರೆ ಹಾಡಿಗೆ ಒಂದೇ ರೂಪ ಖಾಯಂ ಆಯಿತು. ಕಿಕ್ಕೇರಿಯ ಕವಿತೆಗೂ ಆದದ್ದು ಅದೇ. ಕ್ಯಾಸೆಟ್ಟಿಗೆ ಮೊದಲು ಒಬ್ಬ ಮೇಷ್ಟರು ತರಗತಿಯಲ್ಲಿ ಅದನ್ನು ನಗುತ್ತ ಓದಬಹುದಿತ್ತು, ಇನ್ನೊಬ್ಬರು ಗಮಕದ ಧಾಟಿಯಲ್ಲಿ ಎಳೆಯಬಹುದಿತ್ತು. ಈಗ ಪುಸ್ತಕ ತೆರೆದರೂ ಕಿವಿಯಲ್ಲಿ ಅಶ್ವಥ್ ರಾಗವೇ ಮೊದಲು ಶುರುವಾಗುತ್ತದೆ. ಮನೆಮಾತಿನಷ್ಟು ಮೆಲ್ಲಗಿನ ಕೆಲವು ಸಾಲುಗಳನ್ನು ಅವರ ತಾರಸ್ಥಾಯಿ ಸ್ವಲ್ಪ ಜೋರಾಗಿಯೇ ಕೂಗಿ ಕರೆಯಿತು ಎಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಾಗೆಂದು, ಆ ಕಂಠ ಕರೆಯದಿದ್ದರೆ ಓದು ಬಾರದ ಅಜ್ಜಿಯಂದಿರು ಈ ಕವಿತೆಗಳಿಗೆ ಕಿವಿಗೊಡುತ್ತಿದ್ದರೇ?

ರಾಗವೊಂದು ಕವಿತೆಗೆ ಅಂಟಿಕೊಂಡರೆ ವಿಷಯ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಾಡಗೀತೆಯೇ ಸಾಕ್ಷಿ. ಕುವೆಂಪು ಬರೆದ ಆ ಗೀತೆಗೆ ಅನಂತಸ್ವಾಮಿಯವರ ಧಾಟಿಯೂ ಇತ್ತು, ಅಶ್ವಥ್ ಅವರ ಧಾಟಿಯೂ ಇತ್ತು. ಇಬ್ಬರೂ ಕಾಲವಾದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅನಂತಸ್ವಾಮಿ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದವರು, ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ. 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲುವ ಮಕ್ಕಳಿಗೆ ತಾವು ಹಾಡುವ ಧಾಟಿಯ ಹಿಂದೆ ಇಷ್ಟೊಂದು ಜಗ್ಗಾಟವಿದೆಯೆಂದು ಗೊತ್ತಿರಲಾರದು.

ಮುಂದಿನ ಪೀಳಿಗೆ ಹಾರ್ಮೋನಿಯಂ ಬಿಟ್ಟು ಗಿಟಾರ್ ಹಿಡಿಯಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ ಬ್ಯಾಂಡಿನೊಂದಿಗೆ ಶರೀಫರ ಪದಗಳನ್ನು ಹೊಸ ತಾಳಕ್ಕೆ ಏರಿಸಿದರು. ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಎಂಬ ರಾಕ್ ತಂಡದ 2009ರ ಆಲ್ಬಮ್ಮಿನಲ್ಲಿ ‘ಪ್ಯಾಸಿ’ ಎಂಬ ಹಾಡಿದೆ. ಕಾವೇರಿ ವಿವಾದವೇ ಅದರ ವಸ್ತು. ಹಿಂದಿಯ ಹಾಡು, ಆದರೆ ನದಿ ಶ್ರೀರಂಗಪಟ್ಟಣವನ್ನು ಸುತ್ತಿ ಹರಿಯುವ ಅದೇ ನದಿ. ರಾಕ್ ಸಂಗೀತವೆಂದರೆ ಬರೀ ಗದ್ದಲ ಎನ್ನುವ ತಂದೆಯೂ, ಭಾವಗೀತೆಯೆಂದರೆ ಮುದುಕರ ಹಾಡು ಎನ್ನುವ ಮಗನೂ ಒಂದು ಸಂಜೆ ಎರಡನ್ನೂ ಒಟ್ಟಿಗೆ ಕೂತು ಕೇಳಬಹುದು. ಜಗಳಕ್ಕಾದರೂ ಒಳ್ಳೆಯ ವಿಷಯ ಸಿಕ್ಕೀತು.

ನರಸಿಂಹಸ್ವಾಮಿ 2003ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಶ್ವಥ್ ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, 2009ರ ಡಿಸೆಂಬರ್ 29ರಂದು. ಕ್ಯಾಸೆಟ್ ಅಂಗಡಿಗಳು ಮುಚ್ಚಿ ಮೊಬೈಲ್ ಅಂಗಡಿಗಳಾಗಿವೆ. ಅಟ್ಟದ ಮೇಲಿನ ಸುರುಳಿಗೆ ಬೂಷ್ಟು ಹಿಡಿದಿದೆ, ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿದೆ. ಹಾಡು ಮಾತ್ರ ಫೋನಿನಲ್ಲಿ ಸಿಗುತ್ತದೆ, ಎಷ್ಟೋ ಕಡೆ ಗಾಯಕರ ಹೆಸರಿದ್ದು ಕವಿಯ ಹೆಸರೇ ಇರುವುದಿಲ್ಲ. ಪುಸ್ತಕ ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಯಾವ ಸ್ಟುಡಿಯೋಗೂ ಹೋಗದ, ಯಾರೂ ರಾಗ ಹಾಕಿ ಜನಪ್ರಿಯಗೊಳಿಸದ ಕವಿತೆಗಳೂ ಅದರಲ್ಲಿವೆ. ಅವನ್ನು ಹೇಗೆ ಓದಬೇಕೆಂದು ಇನ್ನೂ ಯಾರೂ ಗೊತ್ತುಮಾಡಿಲ್ಲ.