ಇಳಿಯುತ್ತಿದ್ದ ತೂಕ ನಿಂತದ್ದೇಕೆ?

ಕ್ಯಾಲೊರಿ ಲೆಕ್ಕ ಹಾಕಿಯೇ ತಿನ್ನುತ್ತೇನೆ, ದಿನಾ ವಾಕಿಂಗ್ ಹೋಗುತ್ತೇನೆ. ಮೊದಲು ಸರಸರನೆ ಇಳಿದ ತೂಕ ಈಗ ಕದಲುತ್ತಿಲ್ಲ. ಉತ್ಸಾಹವೇ ಹೋಗಿದೆ. ಹೀಗೇಕೆ?
– ಓದುಗರು, ಜಾಲಹಳ್ಳಿ

ಮೊದಲ ದಿನಗಳಲ್ಲಿ ಇಳಿದದ್ದರಲ್ಲಿ ನೀರೇ ಹೆಚ್ಚು. ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ತಗ್ಗಿದರೆ ದಾಸ್ತಾನು ಖರ್ಚಾಗಿ ಆ ನೀರೂ ಹೋಗುತ್ತದೆ. ಕೊಬ್ಬು ಕರಗುವುದು ನಿಧಾನ.

ಆಮೇಲೆ ದೇಹ ಖರ್ಚನ್ನೂ ಬಿಗಿ ಮಾಡುತ್ತದೆ, ಸಂಬಳ ಕಡಿತವಾದ ಮನೆಯಂತೆ. ಹಗುರಾದ ಮೈಗೆ ಅದೇ ರಸ್ತೆ ನಡೆಯಲು ಕಡಿಮೆ ಶಕ್ತಿ ಸಾಕು. ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ 36 ಯುವಕರಿಗೆ ಅರೆಹೊಟ್ಟೆ ಊಟ ಕೊಟ್ಟು ನೋಡಿದಾಗ, ಸುಮ್ಮನೆ ಮಲಗಿದ್ದಾಗಲೂ ಅವರ ದೇಹ ಮೊದಲಿಗಿಂತ ಕಡಿಮೆ ಶಕ್ತಿ ಸುಡುತ್ತಿತ್ತು. ಹಾಗಾಗಿ ತೂಕ ನಿಂತದ್ದು ನಿಮ್ಮ ಸೋಲಲ್ಲ, ದಯವಿಟ್ಟು ಊಟ ಬಿಡಬೇಡಿ.

ಲೆಕ್ಕ ಹೆಚ್ಚಾಗಿ ತಪ್ಪುವುದು ಎಣ್ಣೆಯಲ್ಲಿ. ಕಾವಲಿಯ ಮೇಲೆ ದೋಸೆಯ ಅಂಚಿಗೆ ಬಿಡುವ ಒಂದು ಟೀ ಚಮಚ ಎಣ್ಣೆಯೇ ಸುಮಾರು 45 ಕ್ಯಾಲೊರಿ. ಒಗ್ಗರಣೆಯದ್ದನ್ನು ಯಾರೂ ಬರೆದಿಡುವುದಿಲ್ಲ. ಒಂದು ವಾರ ಚಮಚದಲ್ಲಿ ಅಳೆದು ನೋಡಿ. ತೂಕ ದಿನಾ ನೋಡುವ ಬದಲು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಟೇಪಿನಲ್ಲಿ ಸೊಂಟವನ್ನೂ ಅಳೆಯಿರಿ. ತಕ್ಕಡಿ ಕದಲದ ವಾರದಲ್ಲೂ ಸೊಂಟ ಇಳಿದಿರಬಹುದು.