ಡ್ಯೂಯೆಟ್ ಸೇತುವೆಯೂ ನಮ್ಮೂರ ಕಾಲುಸಂಕವೂ!

ಡ್ಯೂಯೆಟ್ ಎಂದರೆ ಪಾರ್ಕು ಬೇಕು. ಪಾರ್ಕೆಂದರೆ ಬಿಲ್ಲಿನಂತೆ ಬಾಗಿದ ಕೆಂಪು ಜಪಾನೀ ಮರದ ಸೇತುವೆ ಬೇಕು! ಈ ಕಡೆಯಿಂದ ಹೀರೋ, ಆ ಕಡೆಯಿಂದ ಹೀರೋಯಿನ್... ಬೆಂಚಿನಲ್ಲಿ ಕೂತ ನಮಗೆ ಶಿಳ್ಳೆ ಹೊಡೆಯುವ ಕೆಲಸ!

ಆ ಸೇತುವೆ ಬಾಗಿರೋದು ಯಾಕೆ ಗೊತ್ತೇ? ಕೆಳಗೆ ದೋಣಿ ಹಾಯಲಿ ಅಂತ. ನಿಂತ ನೀರಲ್ಲಿ ಅದರ ನೆರಳು ಬಿದ್ದರೆ ಎರಡೂ ಸೇರಿ ಪೂರ್ಣಚಂದ್ರನ ಹಾಗೆ ಕಾಣುತ್ತೆ. ಈ ಚೆಲುವಿಗೆ ಮರುಳಾದ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೋನೆ, ಜಿವರ್ನಿ ಹಳ್ಳಿಯ ತನ್ನ ಮನೆ ತೋಟದ ಕೊಳಕ್ಕೆ 1895ರ ಸುಮಾರಿಗೆ ಅಂಥದ್ದೇ ಸೇತುವೆ ಹಾಕಿಸಿದ. ಬಣ್ಣ ಮಾತ್ರ ಹಸಿರು! ಅದನ್ನೇ ಮತ್ತೆ ಮತ್ತೆ ಬರೆದ ಚಿತ್ರಗಳು ಜಗತ್ಪ್ರಸಿದ್ಧವಾದವು.

ಇನ್ನು ನಮ್ಮ ಬಸರೀಕಟ್ಟೆ ಕಡೆಯ ಸೇತುವೆ ಕೇಳಿ. ಹೆಸರು ಕಾಲುಸಂಕ. ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ದಬ್ಬೆ ಬಿಗಿದು, ಕೈಗೆ ಬಿದಿರಿನ ಗಳ ಕಟ್ಟಿದರೆ ಮುಗೀತು. ನೆರಳೂ ಬೀಳಲ್ಲ, ಮಳೆಗಾಲದಲ್ಲಿ ನೀರೆಲ್ಲ ಕೆಂಪು ರಾಡಿ!

ನಾನಾಗ ಹುಡುಗ. ಮಳೆ ಹಿಡಿಯುವ ಮುಂಚೆ ಟೂರಿಂಗ್ ಟಾಕೀಸಿನವರು ಟೆಂಟ್ ಕೀಳುವವರಿದ್ದರು. ಕೊನೇ ಆಟ, 1978ರ 'ಸಿಂಗಾಪೂರಿನಲ್ಲಿ ರಾಜಾಕುಳ್ಳ'. ವಿಷ್ಣು–ದ್ವಾರಕೀಶ್ ಜೋಡಿ, ಪರದೇಶಕ್ಕೇ ಹೋಗಿ ತೆಗೆದ ಪಿಕ್ಚರ್! ಅಪ್ಪಯ್ಯನಿಗೆ ಹೇಳದೆ ಸೆಕೆಂಡ್ ಶೋಗೆ ಓಡಿದೆ. ವಾಪಸು ಬರುವಾಗ ಜಡಿಮಳೆ. ಸಂಕದ ನಡುವೆ ಹೀರೋ ಥರ ಒಂದು ಸ್ಟೆಪ್ ಹಾಕಿದೆ ನೋಡಿ... ಕಾಲು ಜಾರಿತು! ಗಳಕ್ಕೆ ಜೋತುಬಿದ್ದೆ. ಕೆಳಗೆ ಹಳ್ಳದ ಮೊರೆತ. ಗಳ ಮುರಿಯಲಿಲ್ಲ, ಕಟ್ಟು ಬಿಚ್ಚಲಿಲ್ಲ.

ಅವತ್ತು ಮಧ್ಯಾಹ್ನವೇ ಅಪ್ಪಯ್ಯ ಹಳೇ ಗಳ ಕಿತ್ತು ಹೊಸದು ಕಟ್ಟಿದ್ದರು. "ಒಂದು ಕೈ ಹಿಡಿ ಬಾ ಮಾರಾಯ" ಅಂದಿದ್ದಕ್ಕೆ ನಾನು ತಲೆನೋವು ಅಂತ ಸುಳ್ಳು ಹೇಳಿ ಮಲಗಿದ್ದೆ!

ಜಪಾನಿನ ಇವಾಕುನಿಯಲ್ಲಿ 1673ರಲ್ಲಿ ಐದು ಕಮಾನಿನ ಮರದ ಸೇತುವೆ ಕಟ್ಟಿದರು. ಅದೇ ಕಿಂಟೈ. 1950ರ ಚಂಡಮಾರುತದ ನೆರೆ ಅದನ್ನು ಕೊಚ್ಚಿಕೊಂಡು ಹೋಯಿತು. 1953ರಲ್ಲಿ ಮತ್ತೆ ಎದ್ದು ನಿಂತಿತು. ಮೋನೆಯ ಸೇತುವೆಯನ್ನೂ ಶಿಥಿಲವಾದ ಮೇಲೆ ಹೊಸದಾಗಿ ಕಟ್ಟಬೇಕಾಯ್ತು. ಎಲ್ಲಿದ್ದರೂ ಮರ ಮರವೇ, ಸ್ವಾಮಿ! ಅದಕ್ಕೆ ಆಯುಸ್ಸು ಕೊಡೋದು ಮತ್ತೆ ಮತ್ತೆ ಕಟ್ಟುವ ಕೈಗಳು. ಆ ಕೈಗಳು ಯಾವ ಡ್ಯೂಯೆಟ್ಟಿನಲ್ಲೂ ಕಾಣೋದಿಲ್ಲ.

ಆ ರಾತ್ರಿ ಅಪ್ಪಯ್ಯ ನನ್ನ ಒದ್ದೆ ಬಟ್ಟೆ ನೋಡಿದರು. ಏನೂ ಕೇಳಲಿಲ್ಲ. ಮುಂದಿನ ವರ್ಷ ಸಂಕ ಕಟ್ಟುವ ದಿನ ಟೆಂಟಿನಲ್ಲಿ ಅಣ್ಣಾವ್ರ ಪಿಕ್ಚರ್! ನಾನು ಅಲುಗಾಡಲಿಲ್ಲ, ಸಂಜೆವರೆಗೂ ಗಳ ಹಿಡಿದು ನಿಂತೆ. ಕೊನೇ ಕಟ್ಟು ಬಿಗಿದ ಮೇಲೆ ಅಪ್ಪಯ್ಯನೇ ಜೇಬಿಗೆ ಕೈ ಹಾಕಿ ಟಿಕೆಟ್ಟಿಗೆ ಕಾಸು ಕೊಟ್ಟರು!